ಅಮ್ಮನ ಜಿಪಿಎ ನನ್ನ ಹತ್ತಿರ ಇದೆ; ಅವರ ಎಫ್‌ಡಿಗೆ ನಾನು ನಾಮಿನಿ ಹಾಕಬಹುದೇ?

ಪ್ರಶ್ನೆ: ನಾನು ಶಿವಮೊಗ್ಗದವಳು. ಅಮ್ಮನಿಗೆ 78 ವರ್ಷ, ನಮ್ಮ ಮನೆಯಲ್ಲೇ ಇದ್ದಾರೆ. ಅಪ್ಪ ತೀರಿಕೊಂಡಿದ್ದಾರೆ. ನಾವಿಬ್ಬರೇ ಮಕ್ಕಳು, ಅಣ್ಣ ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿದ್ದಾನೆ. ಬ್ಯಾಂಕಿನ ವ್ಯವಹಾರ ನೋಡಿಕೊಳ್ಳಲೆಂದು ಅಮ್ಮ ನನ್ನ ಹೆಸರಿಗೆ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ಅವರ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ರಿಜಿಸ್ಟರ್ ಮಾಡಿಸಿಕೊಟ್ಟಿದ್ದಾರೆ. ಆದರೆ ಅವರ ಎಫ್‌ಡಿಗಳಿಗೆ ಇವತ್ತಿಗೂ ಅಪ್ಪನೇ ನಾಮಿನಿ. ಈಚೆಗೆ ಅಮ್ಮನಿಗೆ ಸ್ಟ್ರೋಕ್ ಆಗಿ ಬಲಗೈ ಏಳುತ್ತಿಲ್ಲ. ಹೇಳಿದ್ದು ಅರ್ಥವಾಗುತ್ತದೆ, ಕೆಲವು ದಿನ ಮಾತ್ರ ಮರೆವು ಜಾಸ್ತಿ. ನಾಮಿನಿ ಬದಲಿಸೋಣವೆಂದು ಜಿಪಿಎ ತೆಗೆದುಕೊಂಡು ಹೋದರೆ ಮ್ಯಾನೇಜರ್ ಒಪ್ಪಲಿಲ್ಲ. 'ಅಮೆರಿಕದಲ್ಲಿ ಪವರ್ ಆಫ್ ಅಟಾರ್ನಿ ಇದ್ದವರು ಇದನ್ನೂ ಮಾಡಬಹುದು, ಹೆಸರು ಹಾಕಿಸಿಕೊಂಡವರಿಗೇ ದುಡ್ಡು ಸೇರುತ್ತೆ. ನಿನ್ನ ಹೆಸರು ಹಾಕಿಸಿಕೊಂಡರೆ ನನಗೇನೂ ಉಳಿಯಲ್ಲ' ಎಂದು ಅಣ್ಣನ ಅನುಮಾನ. ಯಾವುದು ನಿಜ? ಅಮ್ಮನ ಸ್ಥಿತಿ ಇನ್ನೂ ಬಿಗಡಾಯಿಸಿದರೆ ಈ ಜಿಪಿಎ ನಡೆಯುತ್ತದೆಯೇ? ಅವರ ಲಾಕರ್‌ಗೂ ನಾಮಿನಿ ಹಾಕಬೇಕಾ?

ಉತ್ತರ: ಮ್ಯಾನೇಜರ್ ಮಾಡಿದ್ದು ಸರಿ. ಆದರೆ ನಿಮ್ಮನ್ನು ಬರಿಗೈಯಲ್ಲಿ ಕಳಿಸುವ ಬದಲು ಮುಂದಿನ ದಾರಿ ಹೇಳಬೇಕಿತ್ತು, ಅದನ್ನು ಹೇಳದಿದ್ದದ್ದು ತಪ್ಪು. ನಾಮಿನಿ ಹಾಕಬೇಕಾದವರು ನಿಮ್ಮ ತಾಯಿ. ಅದಕ್ಕೆ ಅವರ ಬಲಗೈ ಬೇಕಾಗಿಲ್ಲ, ಅವರ ಅರಿವು ಸಾಕು. ಅರಿವು ಇರುವಾಗಲೇ ಇದನ್ನು ಮಾಡಿಸಬೇಕು, ಹಾಗಾಗಿ ನಿಮ್ಮ ಕೆಲಸ ಈ ವಾರದ್ದು, ಮುಂದಿನ ತಿಂಗಳದ್ದಲ್ಲ.

ಬ್ಯಾಂಕ್ ಠೇವಣಿಯ ನಾಮಿನೇಷನ್ ನಡೆಯುವುದು 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 45ಝಡ್‌ಎ ಸೆಕ್ಷನ್ ಪ್ರಕಾರ. ನಾಮಿನಿಯನ್ನು ಸೂಚಿಸುವ ಅಧಿಕಾರವನ್ನು ಅದು ಕೊಟ್ಟಿರುವುದು ಠೇವಣಿದಾರರಿಗೆ. ಠೇವಣಿದಾರರ ಪರವಾಗಿ ಇನ್ನೊಬ್ಬರು ನಾಮಿನಿ ಹಾಕಬಹುದು ಎಂದು ಕಾನೂನು ಹೇಳುವುದು ಅಪ್ರಾಪ್ತ ಮಕ್ಕಳ ಹೆಸರಿನ ಠೇವಣಿಯ ವಿಷಯದಲ್ಲಿ. ಅಲ್ಲಿ ಪೋಷಕರು ಸಹಿ ಹಾಕುತ್ತಾರೆ. ಜಿಪಿಎ ಇಟ್ಟುಕೊಂಡವರ ಮಾತು ಅಲ್ಲಿಲ್ಲ. ಚೆಕ್ ಬರೆಯುವುದು, ಎಫ್‌ಡಿ ನವೀಕರಿಸುವುದು, ಪಿಂಚಣಿ ತೆಗೆಯುವುದು ಇವೆಲ್ಲ ತಾಯಿ ಬದುಕಿರುವಾಗಿನ ವ್ಯವಹಾರ; ಅವಕ್ಕೆಂದೇ ನಿಮಗೆ ಜಿಪಿಎ ಕೊಟ್ಟಿದ್ದಾರೆ. ತಾವು ಹೋದಮೇಲೆ ಹಣ ಯಾರ ಕೈಗೆ ಬರಬೇಕು ಎಂಬುದು ಅವರೊಬ್ಬರದೇ ತೀರ್ಮಾನ. ಅವರ ಪರವಾಗಿ ನೀವು ವಿಲ್ ಬರೆಯಲು ಆಗದಿರುವುದೂ ಇದೇ ಕಾರಣಕ್ಕೆ.

ಇನ್ನೊಂದು ಕಾರಣವೂ ಇದೆ. ಜಿಪಿಎ ಪಡೆದವರು 1872ರ ಕರಾರು ಕಾಯ್ದೆಯ ಲೆಕ್ಕದಲ್ಲಿ ಏಜೆಂಟ್. ಏಜೆಂಟ್ ಆದವರು ಕೊಟ್ಟವರ ಹಿತಕ್ಕಾಗಿ ಕೆಲಸ ಮಾಡಬೇಕು. ಅವರಿಗೆ ತಿಳಿಸದೆ ಅದೇ ವ್ಯವಹಾರದಲ್ಲಿ ತಮ್ಮ ಲಾಭ ನೋಡಿಕೊಂಡರೆ ಆ ಲಾಭವನ್ನು ಕೇಳಿ ಪಡೆಯುವ ಹಕ್ಕು ಕೊಟ್ಟವರಿಗೆ ಇರುತ್ತದೆ. ಅಮ್ಮ ಕೊಟ್ಟ ಜಿಪಿಎ ಬಳಸಿ ನೀವೇ ನಿಮ್ಮ ಹೆಸರನ್ನು ನಾಮಿನಿ ಕಾಲಮ್ಮಿನಲ್ಲಿ ಬರೆದರೆ, ನಿಮ್ಮ ಮನಸ್ಸು ಎಷ್ಟೇ ಶುದ್ಧವಾಗಿದ್ದರೂ ನಾಳೆ ಕೋರ್ಟಿನಲ್ಲಿ ಅದನ್ನು ಸಮರ್ಥಿಸಿಕೊಳ್ಳುವುದು ಕಷ್ಟ. ಆ ತೊಂದರೆಯಿಂದ ನಿಮ್ಮನ್ನು ಮ್ಯಾನೇಜರ್ ತಪ್ಪಿಸಿದ್ದಾರೆ ಎಂದೇ ತಿಳಿಯಿರಿ.

ನಿಮ್ಮ ಅಣ್ಣ ಹೇಳಿದ್ದನ್ನೂ ತಳ್ಳಿಹಾಕುವ ಹಾಗಿಲ್ಲ. ಅವರ ಊರಿನ ಮಟ್ಟಿಗೆ ಅದು ನಿಜ. ಅಮೆರಿಕದಲ್ಲಿ ಪವರ್ ಆಫ್ ಅಟಾರ್ನಿಗೆಂದು 2006ರಲ್ಲಿ ಒಂದು ಮಾದರಿ ಕಾಯ್ದೆ ರೂಪಿಸಿದರು. ಉತ್ತರ ಕ್ಯಾರೊಲಿನಾ ಸೇರಿ ಹಲವು ರಾಜ್ಯಗಳು ಅದನ್ನು ಒಪ್ಪಿಕೊಂಡಿವೆ. ಅದರ ಪ್ರಕಾರ ಖಾತೆಯ ಬೆನಿಫಿಶಿಯರಿಯನ್ನು ಹೊಸದಾಗಿ ಹಾಕುವ ಅಥವಾ ಬದಲಿಸುವ ಅಧಿಕಾರ ಏಜೆಂಟರಿಗೆ ತಾನಾಗಿ ಬರುವುದಿಲ್ಲ, ಪತ್ರದಲ್ಲಿ ಆ ಮಾತನ್ನು ಬಿಡಿಸಿ ಬರೆದಿದ್ದರೆ ಮಾತ್ರ ಬರುತ್ತದೆ. ಅಲ್ಲಿನ ಬ್ಯಾಂಕ್ ಖಾತೆಗೆ 'ಪೇಬಲ್ ಆನ್ ಡೆತ್' (ಖಾತೆದಾರರು ಸತ್ತಮೇಲೆ ಇವರಿಗೆ ಕೊಡಬೇಕು) ಎಂದು ಯಾರ ಹೆಸರು ಹಾಕಿರುತ್ತಾರೋ ಹಣ ನೇರವಾಗಿ ಅವರದೇ ಆಗುತ್ತದೆ. ವಿಲ್‌ನಲ್ಲಿ ಬೇರೆ ಬರೆದಿದ್ದರೂ ಸಾಮಾನ್ಯವಾಗಿ ಅದು ನಡೆಯುವುದಿಲ್ಲ. ಅಣ್ಣನ ಭಯ ಹುಟ್ಟಿರುವುದು ಈ ಅನುಭವದಿಂದ. ಅವರ ಮೇಲೆ ಬೇಸರ ಮಾಡಿಕೊಳ್ಳಬೇಡಿ, ನಮ್ಮ ಕಾನೂನು ಬೇರೆ ಎಂದು ತಿಳಿಸಿ ಹೇಳಿ.

ನಮ್ಮಲ್ಲಿ ನಾಮಿನಿ ಎಂದರೆ ಬ್ಯಾಂಕಿನಿಂದ ಹಣ ಪಡೆಯುವವರು, ಅಷ್ಟೇ. ಆ ಹಣದ ಒಡೆತನ ವಾರಸುದಾರರದು. 1984ರಲ್ಲಿ ಸರ್ಬತಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಜೀವವಿಮೆಯ ವಿಷಯದಲ್ಲಿ ಹೇಳಿತು. 2010ರಲ್ಲಿ ರಾಮ್ ಚಂದರ್ ತಲ್ವಾರ್ ಪ್ರಕರಣದಲ್ಲಿ ಬ್ಯಾಂಕ್ ಠೇವಣಿಗೂ ಅದೇ ಅನ್ವಯ ಎಂದಿತು. 2023ರ ಡಿಸೆಂಬರ್‌ನಲ್ಲಿ ಶಕ್ತಿ ಯಜ್ದಾನಿ ಪ್ರಕರಣದಲ್ಲಿ ಕಂಪನಿ ಷೇರುಗಳ ವಿಷಯದಲ್ಲೂ ಅದೇ ನಿಲುವು ತಳೆಯಿತು. ಹಾಗಾದರೆ ಗೊಂದಲ ಎಲ್ಲಿಂದ ಬಂತು? 45ಝಡ್‌ಎ ಸೆಕ್ಷನ್ನಿನ ಭಾಷೆಯಿಂದ. ಠೇವಣಿದಾರರು ಸತ್ತಮೇಲೆ ಉಳಿದವರೆಲ್ಲರನ್ನೂ ಹೊರತುಪಡಿಸಿ ನಾಮಿನಿಗೇ ಹಕ್ಕು ಬರುತ್ತದೆ ಎಂಬ ಧಾಟಿ ಅದರಲ್ಲಿದೆ. ಓದಿದವರು ದುಡ್ಡು ನಾಮಿನಿಯದೇ ಎಂದುಕೊಳ್ಳುತ್ತಾರೆ. ಆ ಹಕ್ಕು ಬ್ಯಾಂಕಿನ ಎದುರು ಹಣ ಕೇಳಿ ಪಡೆಯುವ ಹಕ್ಕು ಮಾತ್ರ ಎಂದು ಕೋರ್ಟ್ ಬಿಡಿಸಿ ಹೇಳಿದೆ. ನಾಮಿನಿಗೆ ಹಣ ಕೊಟ್ಟ ಕ್ಷಣ ಬ್ಯಾಂಕಿನ ಹೊಣೆ ಮುಗಿಯುತ್ತದೆ. ಅದನ್ನು ಯಾರ ಯಾರ ಪಾಲಿಗೆ ಹಂಚಬೇಕು ಎಂಬುದನ್ನು ವಿಲ್ ಹೇಳುತ್ತದೆ. ವಿಲ್ ಇಲ್ಲದಿದ್ದರೆ ಉತ್ತರಾಧಿಕಾರದ ಕಾನೂನು ಹೇಳುತ್ತದೆ.

ನಿಮ್ಮದು ಹಿಂದೂ ಕುಟುಂಬ ಎಂದು ಭಾವಿಸಿ ಹೇಳುತ್ತೇನೆ. ವಿಲ್ ಬರೆಯದೆ ನಿಮ್ಮ ತಾಯಿ ಹೋದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ತಂದೆಯವರೂ ಇಲ್ಲದ ಕಾರಣ, ಮಗ ಮತ್ತು ಮಗಳಿಗೆ ಸಮಪಾಲು. ನಾಮಿನಿ ಕಾಲಮ್ಮಿನಲ್ಲಿ ನಿಮ್ಮೊಬ್ಬರದೇ ಹೆಸರಿದ್ದು ಪೂರ್ತಿ ಹಣ ನಿಮ್ಮ ಕೈಗೆ ಬಂದರೂ ಅರ್ಧ ಅಣ್ಣನದೇ. ಹಾಗೆಯೇ, ಇಷ್ಟು ವರ್ಷ ನೋಡಿಕೊಂಡ ಮಗಳಿಗೆ ಹೆಚ್ಚು ಕೊಡಬೇಕು ಎಂದು ಅಮ್ಮನ ಮನಸ್ಸಿನಲ್ಲಿದ್ದರೆ ನಾಮಿನಿ ಮಾಡಿದ ಮಾತ್ರಕ್ಕೆ ಅದು ಈಡೇರುವುದಿಲ್ಲ, ವಿಲ್ ಬರೆಯಲೇಬೇಕು. ಹೆತ್ತವರನ್ನು ಕೊನೆಯವರೆಗೂ ನೋಡಿಕೊಂಡು, 'ನಾಮಿನಿ ನಾನೇ ಅಲ್ವಾ' ಎಂಬ ಧೈರ್ಯದಲ್ಲಿದ್ದು, ಆಮೇಲೆ ಒಡಹುಟ್ಟಿದವರಿಂದ ನೋಟಿಸ್ ಪಡೆಯುವ ಹೆಣ್ಣುಮಕ್ಕಳನ್ನು ನೋಡುವಾಗ ಸಂಕಟವಾಗುತ್ತದೆ. ಹತ್ತು ನಿಮಿಷದ ಮಾತುಕತೆ ಮೊದಲೇ ಆಗಿದ್ದರೆ ಆ ನೋಟಿಸ್ ಹುಟ್ಟುತ್ತಲೇ ಇರಲಿಲ್ಲ.

ಈಗ ಮಾಡಬೇಕಾದ ಕೆಲಸಕ್ಕೆ ಬರೋಣ. ಅಪ್ಪ ತೀರಿಕೊಂಡಿರುವುದರಿಂದ ಆ ನಾಮಿನೇಷನ್ನಿಗೆ ಬೆಲೆಯಿಲ್ಲ. ಆ ಎಫ್‌ಡಿಗಳಿಗೆ ಈಗ ನಾಮಿನಿಯೇ ಇಲ್ಲ ಎಂದೇ ಲೆಕ್ಕ. ಅಮ್ಮನ ಪರವಾಗಿ ಬ್ಯಾಂಕಿಗೆ ಒಂದು ಪತ್ರ ಕೊಡಿ: ಖಾತೆದಾರರಿಗೆ ಪಾರ್ಶ್ವವಾಯು, ಶಾಖೆಗೆ ಬರಲಾಗುವುದಿಲ್ಲ, ನಾಮಿನೇಷನ್ ಅರ್ಜಿಗೆ ಹೆಬ್ಬೆಟ್ಟು ಪಡೆಯಲು ಅಧಿಕಾರಿಯೊಬ್ಬರನ್ನು ಮನೆಗೆ ಕಳಿಸಿ ಎಂದು. ಪತ್ರಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. 70 ವರ್ಷ ದಾಟಿದವರಿಗೆ ಮತ್ತು ಅಶಕ್ತರಿಗೆ ಮನೆ ಬಾಗಿಲಿಗೇ ಸೇವೆ ಕೊಡುವ ಏರ್ಪಾಡು ಇರಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಸೂಚಿಸಿದೆ. ಪತ್ರದಲ್ಲಿ ಅದನ್ನು ನೆನಪಿಸಿ. ನಾಮಿನೇಷನ್ ಅರ್ಜಿಗೆ ಸಹಿ ಹಾಕುವವರಿಗೆ ಸಾಕ್ಷಿ ಬೇಕಿಲ್ಲ, ಹೆಬ್ಬೆಟ್ಟು ಒತ್ತುವವರಿಗೆ ಇಬ್ಬರು ಸಾಕ್ಷಿಗಳು ಬೇಕು. ಆ ಇಬ್ಬರಲ್ಲಿ ನೀವಾಗಲಿ ನಿಮ್ಮ ಯಜಮಾನರಾಗಲಿ ಇರಬೇಡಿ. ಪಕ್ಕದ ಮನೆಯ ಹಿರಿಯರು, ಅಮ್ಮನನ್ನು ನೋಡುವ ಡಾಕ್ಟರು, ಇಂಥವರು ಇದ್ದರೆ ಒಳ್ಳೆಯದು. ಎಡಗೈ ಹೆಬ್ಬೆಟ್ಟು ಸಾಕು.

ಇದೇ ರೀತಿ, ಕಾಯಿಲೆಯಿಂದ ಸಹಿ ಹಾಕಲಾಗದ ಖಾತೆದಾರರು ಹಣ ತೆಗೆಯಬೇಕಾದಾಗ ಕೈಯ ಅಥವಾ ಕಾಲಿನ ಹೆಬ್ಬೆರಳ ಗುರುತನ್ನು ಬ್ಯಾಂಕ್ ಒಪ್ಪಬೇಕು. ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸ್ವತಂತ್ರ ಸಾಕ್ಷಿಗಳು ಅದನ್ನು ಗುರುತಿಸಬೇಕು, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ರಿಸರ್ವ್ ಬ್ಯಾಂಕಿನ ಈ ಸೂಚನೆ ಬಹಳ ಹಳೆಯದು. ಆದರೂ ಆಂಬ್ಯುಲೆನ್ಸಿನಲ್ಲಿ ವೃದ್ಧರನ್ನು ಶಾಖೆಗೆ ಕರೆತಂದರು ಎಂಬ ಸುದ್ದಿ ಆಗಾಗ ಓದುತ್ತೇವೆ. ಹಾಗೆ ಕರೆತರಬೇಕಾಗಿಲ್ಲ, ಯಾರಾದರೂ ಕೇಳಿದರೆ ಒಪ್ಪಲೂಬೇಡಿ.

ಯಾರ ಹೆಸರು ಹಾಕಬೇಕು? ಅಮ್ಮನನ್ನು ಕೇಳಿ, ಅವರು ಹೇಳಿದ್ದೇ ಆಗಬೇಕು. ಆದರೆ ಒಂದು ಅನುಕೂಲ ಈಗ ಬಂದಿದೆ. ನವೆಂಬರ್ 1, 2025ರಿಂದ ಬ್ಯಾಂಕ್ ಠೇವಣಿಗೆ ನಾಲ್ಕು ಜನರವರೆಗೆ ನಾಮಿನಿ ಹಾಕಬಹುದು. ಎಲ್ಲರನ್ನೂ ಒಟ್ಟಿಗೆ ಹಾಕಿ ಇಂತಿಷ್ಟು ಶೇಕಡಾ ಎಂದು ಪಾಲು ಬರೆಯಬಹುದು, ಒಟ್ಟು 100 ಆಗಬೇಕು. ಅಥವಾ ಒಬ್ಬರಾದಮೇಲೆ ಒಬ್ಬರು ಎಂದು ಸರದಿ ಹಾಕಬಹುದು. ಮೊದಲನೆಯವರು ಇಲ್ಲದಿದ್ದರೆ ಎರಡನೆಯವರಿಗೆ ಬರುತ್ತದೆ. ಅಪ್ಪನ ಹೆಸರಿನ ಮುಂದೆ ಹೀಗೆ ಇನ್ನೊಂದು ಹೆಸರಿದ್ದಿದ್ದರೆ ನಿಮಗೆ ಇವತ್ತು ಈ ಓಡಾಟವೇ ಇರುತ್ತಿರಲಿಲ್ಲ. ಇಬ್ಬರು ಮಕ್ಕಳಿಗೂ ಸಮ ಎಂಬುದು ಅಮ್ಮನ ಇಚ್ಛೆಯಾದರೆ ಅಣ್ಣನಿಗೆ 50, ನಿಮಗೆ 50 ಎಂದು ಬರೆಸಿ. ಅಣ್ಣ ವಿದೇಶದಲ್ಲಿರುವುದು ಅಡ್ಡಿಯಲ್ಲ. ಅವರ ಪಾಲು ಅವರ ಎನ್‌ಆರ್‌ಒ ಖಾತೆಗೆ (ವಿದೇಶದಲ್ಲಿರುವವರು ಭಾರತದ ಬ್ಯಾಂಕಿನಲ್ಲಿ ಇಟ್ಟುಕೊಳ್ಳುವ ರೂಪಾಯಿ ಖಾತೆ) ಸೇರುತ್ತದೆ. ಅಲ್ಲಿಂದ ತೆರಿಗೆ ಕಾಗದಪತ್ರ ಸರಿಯಿದ್ದರೆ ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಿಕೊಳ್ಳಬಹುದು. ಈ ಒಂದು ಅರ್ಜಿ ನಿಮ್ಮಿಬ್ಬರ ನಡುವಿನ ಅನುಮಾನವನ್ನು ತೆಗೆದುಹಾಕುತ್ತದೆ ಎಂದು ನನಗನ್ನಿಸುತ್ತದೆ. ಅಧಿಕಾರಿ ಮನೆಗೆ ಬಂದ ದಿನ ಅಣ್ಣನಿಗೆ ವಿಡಿಯೊ ಕಾಲ್ ಮಾಡಿ ಅಮ್ಮನ ಮಾತನ್ನು ಅವರೂ ಕೇಳಲಿ.

ಅದೇ ದಿನ ಅಥವಾ ಆ ವಾರವೇ ವಿಲ್ ಕೂಡ ಮಾಡಿಸಿಬಿಡಿ. ಅಮ್ಮ ಗುರುತು ಹಾಕಬೇಕು, ಇಬ್ಬರು ಸಾಕ್ಷಿಗಳು ಸಹಿ ಮಾಡಬೇಕು. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನೋಂದಣಿ ಕಡ್ಡಾಯವಲ್ಲ, ಆದರೂ ನಿಮ್ಮಂಥ ಸಂದರ್ಭದಲ್ಲಿ ಮಾಡಿಸುವುದೇ ಒಳ್ಳೆಯದು. ನಡೆಯಲಾಗದವರ ಮನೆಗೆ ಸಬ್ ರಿಜಿಸ್ಟ್ರಾರ್ ಬರಲು 1908ರ ನೋಂದಣಿ ಕಾಯ್ದೆಯಲ್ಲಿ ಅವಕಾಶವಿದೆ. ಜೊತೆಗೆ, ರೋಗಿಗೆ ವಿಷಯ ಅರ್ಥವಾಗುತ್ತಿದೆ, ತೀರ್ಮಾನ ಹೇಳಬಲ್ಲರು ಎಂದು ಡಾಕ್ಟರಿಂದ ಅದೇ ದಿನಾಂಕದ ಸರ್ಟಿಫಿಕೇಟ್ ಪಡೆದುಕೊಳ್ಳಿ.

ಆ ಸರ್ಟಿಫಿಕೇಟಿಗೆ ಯಾಕೆ ಇಷ್ಟು ಒತ್ತು ಕೊಡುತ್ತೇನೆ ಎಂಬುದು ನಿಮ್ಮ ಮೂರನೇ ಪ್ರಶ್ನೆಯಲ್ಲಿದೆ. ಅಮ್ಮನ ಸ್ಥಿತಿ ಬಿಗಡಾಯಿಸಿದರೆ ಜಿಪಿಎ ನಡೆಯುತ್ತದೆಯೇ ಎಂದು ಕೇಳಿದ್ದೀರಿ. ನಡೆಯುವುದಿಲ್ಲ. ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ, ಕೊಟ್ಟವರು ಸತ್ತರೆ ಹೇಗೋ ಹಾಗೆಯೇ ಬುದ್ಧಿ ಸ್ವಾಧೀನ ತಪ್ಪಿದರೂ ಏಜೆಂಟರ ಅಧಿಕಾರ ಮುಗಿಯುತ್ತದೆ. ಅಮೆರಿಕದ ಆ ಮಾದರಿ ಕಾಯ್ದೆಯಲ್ಲಿ ಹೀಗಿಲ್ಲ; ಕೊಟ್ಟವರ ಬುದ್ಧಿ ಮಂಕಾದಮೇಲೂ ಪತ್ರ ಜಾರಿಯಲ್ಲಿರುತ್ತದೆ, ಬೇಡವೆಂದು ಬರೆದಿದ್ದರೆ ಮಾತ್ರ ನಿಲ್ಲುತ್ತದೆ. ನಮ್ಮಲ್ಲಿ ಅಂಥ ಏರ್ಪಾಡಿಲ್ಲ. ಅಂದರೆ, ಮಗಳ ಸಹಾಯ ತಾಯಿಗೆ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಮಗಳ ಕೈಯಲ್ಲಿರುವ ಕಾಗದ ಸತ್ವ ಕಳೆದುಕೊಳ್ಳುತ್ತದೆ. ಇದು ನಮ್ಮ ಕಾನೂನಿನ ದೊಡ್ಡ ಕೊರತೆ, ಮರೆವಿನ ಕಾಯಿಲೆಯ ಹಿರಿಯರಿರುವ ಮನೆಮನೆಯೂ ಇದರ ಪೆಟ್ಟು ತಿನ್ನುತ್ತಿದೆ. ಸಂಸತ್ತು ಇದನ್ನು ಸರಿಪಡಿಸಲೇಬೇಕು.

ಹಾಗೆಂದು ಹೆದರಬೇಡಿ. ಕೆಲವು ದಿನದ ಮರೆವು ಬುದ್ಧಿ ಸ್ವಾಧೀನ ತಪ್ಪಿದ್ದಕ್ಕೆ ಸಮವಲ್ಲ. ಸಾಮಾನ್ಯವಾಗಿ ಬುದ್ಧಿ ಸ್ಥಿಮಿತದಲ್ಲಿ ಇಲ್ಲದವರೂ ಸ್ಥಿಮಿತದಲ್ಲಿರುವ ಹೊತ್ತಿನಲ್ಲಿ ಕರಾರು ಮಾಡಬಹುದು ಎಂದು ಅದೇ ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತದೆ. ವಿಲ್ ವಿಷಯದಲ್ಲೂ ಕಾನೂನು ಹೀಗೇ ಇದೆ. ಅಮ್ಮ ಚೆನ್ನಾಗಿರುವ ದಿನ, ಚೆನ್ನಾಗಿರುವ ಹೊತ್ತು ನೋಡಿ ಕೆಲಸ ಇಟ್ಟುಕೊಳ್ಳಿ. ಬಹಳ ಜನರಿಗೆ ಬೆಳಗ್ಗೆ ಸ್ನಾನ, ತಿಂಡಿ ಆದಮೇಲೆ ಮನಸ್ಸು ತಿಳಿಯಾಗಿರುತ್ತದೆ. ಅಧಿಕಾರಿಯನ್ನು ಆ ಹೊತ್ತಿಗೇ ಕರೆಯಿರಿ.

ದೇವರು ಹಾಗೆ ಮಾಡದಿರಲಿ, ಮುಂದೆ ಅರಿವು ಪೂರ್ತಿ ಹೋದರೆ ಕೋರ್ಟಿನ ದಾರಿ ಇದೆ. ಕೋಮಾದಲ್ಲಿರುವವರಿಗೆ ಗಾರ್ಡಿಯನ್ ನೇಮಿಸುವ ಬಗ್ಗೆ ಕೇರಳ ಹೈಕೋರ್ಟ್ 2019ರಲ್ಲಿ ಶೋಭಾ ಗೋಪಾಲಕೃಷ್ಣನ್ ಪ್ರಕರಣದಲ್ಲಿ ಮಾರ್ಗಸೂಚಿ ಹಾಕಿಕೊಟ್ಟಿದೆ. ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ ಹಾಕಿ ಇಂಥ ಆದೇಶ ಕೇಳಬಹುದು. ಖರ್ಚು, ಸಮಯ ಎರಡೂ ಹಿಡಿಯುತ್ತದೆ. ಇದನ್ನು ತಪ್ಪಿಸಲು ಅಮ್ಮ ಒಪ್ಪಿದರೆ ಎಸ್‌ಬಿ ಖಾತೆಗೆ ನಿಮ್ಮನ್ನು ಜಂಟಿ ಖಾತೆದಾರರಾಗಿ ಸೇರಿಸಿಕೊಳ್ಳಲಿ, 'ಇಬ್ಬರಲ್ಲಿ ಒಬ್ಬರು ಅಥವಾ ಬದುಕುಳಿದವರು' ಎಂಬ ಷರತ್ತಿನೊಂದಿಗೆ. ಆಗ ನೀವು ಖಾತೆ ನಡೆಸುವುದು ಜಿಪಿಎ ಬಲದಿಂದಲ್ಲ, ಖಾತೆದಾರರಾಗಿ. ಔಷಧಿ, ಫಿಸಿಯೊಥೆರಪಿ, ನರ್ಸಿನ ಸಂಬಳ ನಿಲ್ಲುವುದಿಲ್ಲ. ಎಲ್ಲ ಎಫ್‌ಡಿಗೂ ಹೀಗೆ ಮಾಡಿ ಎನ್ನುವುದಿಲ್ಲ, ತಿಂಗಳ ಖರ್ಚಿನ ಖಾತೆಗೆ ಸಾಕು. ಇಲ್ಲಿಯೂ ಬದುಕುಳಿದವರಿಗೆ ಬರುವುದು ಹಣ ಪಡೆಯುವ ಹಕ್ಕು, ವಾರಸುದಾರರ ಪಾಲು ಹಾಗೆಯೇ ಉಳಿಯುತ್ತದೆ. ಜಂಟಿ ಖಾತೆಗೆ ನಾಮಿನಿ ಹಾಕುವಾಗ ಇಬ್ಬರೂ ಸೇರಿ ಹಾಕಬೇಕು.

ನೀವು ಕೇಳದ ಒಂದು ವಿಷಯ ಹೇಳಬೇಕು, ಜಿಪಿಎ ಇಟ್ಟುಕೊಂಡವರು ತಿಳಿಯದೆ ಎಡವುವ ಜಾಗ ಇದು. ಜಿಪಿಎ ಬಲದಿಂದ ನಾಮಿನಿ ಬದಲಿಸಲಾಗದು, ಆದರೆ ನಾಮಿನೇಷನ್ ಅಳಿಸಿಹೋಗುವಂತೆ ಮಾಡಲು ಆಗುತ್ತದೆ! ಎಫ್‌ಡಿಯನ್ನು ಹಾಗೇ ನವೀಕರಿಸಿದರೆ ಹಳೆಯ ನಾಮಿನೇಷನ್ ಮುಂದುವರಿಯುತ್ತದೆ. ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಎಂದು ಹಳೆಯದನ್ನು ಮುರಿದು ಇನ್ನೊಂದು ಬ್ಯಾಂಕಿನಲ್ಲಿ ಇಟ್ಟರೆ ಅದು ಹೊಸ ಠೇವಣಿ, ಅದಕ್ಕೆ ನಾಮಿನಿ ಇಲ್ಲ. ಅಮ್ಮ ಅಣ್ಣನನ್ನು ನಾಮಿನಿ ಮಾಡಿ ಇಟ್ಟಿದ್ದ ಎಫ್‌ಡಿಯನ್ನು ತಂಗಿ ಮುರಿದು ತನ್ನ ಜೊತೆಗಿನ ಜಂಟಿ ಖಾತೆಗೆ ಹಾಕಿದಳು ಎಂದು ಆರೋಪ ಬರುವುದು ಹೀಗೆಯೇ. ಕೊಟ್ಟವರ ಹಂಚಿಕೆಯ ಇಚ್ಛೆ ಗೊತ್ತಿದ್ದರೆ ಏಜೆಂಟ್ ಆದಷ್ಟು ಅದನ್ನು ಕಾಪಾಡಬೇಕು ಎಂದು ಅಮೆರಿಕದ ಆ ಕಾಯ್ದೆ ಬರೆದೇ ಇಟ್ಟಿದೆ. ನಮ್ಮಲ್ಲಿ ಅಂಥ ಸಾಲಿಲ್ಲದಿದ್ದರೂ ನೀವು ಹಾಗೆ ನಡೆದುಕೊಂಡರೆ ನಿಮಗೇ ರಕ್ಷಣೆ. ಅಮ್ಮನ ಹಣ ನಿಮ್ಮ ಸ್ವಂತ ಖಾತೆಗೆ ಬರದಿರಲಿ, ಆಸ್ಪತ್ರೆಯ ಬಿಲ್ಲುಗಳು ಒಂದು ಫೈಲಿನಲ್ಲಿರಲಿ. ಲೆಕ್ಕ ಕೇಳಿದಾಗ ಕೊಡುವುದು 213ನೇ ಸೆಕ್ಷನ್ ಪ್ರಕಾರ ಏಜೆಂಟರ ಕರ್ತವ್ಯ. ಕೇಳುವ ಮೊದಲೇ ಮೂರು ತಿಂಗಳಿಗೊಮ್ಮೆ ಅಣ್ಣನಿಗೆ ಕಳಿಸಿದರೆ ಇನ್ನೂ ಚೆಂದ.

ಅಮ್ಮ ತೀರಿಕೊಂಡಮೇಲೆ ಜಿಪಿಎ ಆಗಲಿ, ಎಟಿಎಂ ಕಾರ್ಡಾಗಲಿ, ಫೋನ್‌ಪೇ ಆಗಲಿ ಬಳಸಬೇಡಿ. 'ಕಾರ್ಯಕ್ಕೆ ದುಡ್ಡು ಬೇಕಲ್ಲ, ಪಿನ್ ಗೊತ್ತಿದೆಯಲ್ಲ' ಎಂದು ಮನೆಯವರೇ ಹೇಳುತ್ತಾರೆ, ಕೇಳಬೇಡಿ. ಆ ಹಣ ಅಷ್ಟು ಹೊತ್ತಿಗೆ ವಾರಸುದಾರರದಾಗಿರುತ್ತದೆ. ನಾಮಿನಿ ಇದ್ದರೆ ಮರಣ ಪ್ರಮಾಣಪತ್ರ, ನಾಮಿನಿಯ ಗುರುತಿನ ದಾಖಲೆ, ಕ್ಲೇಮು ಅರ್ಜಿ ಸಾಕು. ದಾಖಲೆಗಳೆಲ್ಲ ಕೈಸೇರಿದ 15 ದಿನದೊಳಗೆ ಬ್ಯಾಂಕ್ ಇತ್ಯರ್ಥ ಮಾಡಬೇಕೆಂದು ರಿಸರ್ವ್ ಬ್ಯಾಂಕಿನ 2025ರ ನಿರ್ದೇಶನವಿದೆ. ನಾಮಿನಿ ಇಲ್ಲದಿದ್ದರೂ ವಾಣಿಜ್ಯ ಬ್ಯಾಂಕಿನಲ್ಲಿ 15 ಲಕ್ಷ, ಸಹಕಾರಿ ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ವಾರಸುದಾರರ ಘೋಷಣೆ, ಮುಚ್ಚಳಿಕೆಗಳ ಮೇಲೆ ಸರಳವಾಗಿ ಕೊಡಬೇಕು. ಅದಕ್ಕೂ ಮೀರಿದರೆ ಉತ್ತರಾಧಿಕಾರ ಪ್ರಮಾಣಪತ್ರದಂಥ ಕಾಗದಕ್ಕೆ ಅಲೆಯಬೇಕಾಗುತ್ತದೆ. ನಿಮ್ಮ ಅಮ್ಮನ ಎಫ್‌ಡಿಗಳು ಇರುವ ಬ್ಯಾಂಕು ಯಾವ ಬಗೆಯದು ಎಂದು ಈಗಲೇ ನೋಡಿಕೊಳ್ಳಿ.

ಕೊನೆಗೆ ಲಾಕರ್. ಅದಕ್ಕೂ ನಾಮಿನಿ ಬೇಕು, ಅದನ್ನೂ ಅಮ್ಮನೇ ಹಾಕಬೇಕು. ಎಫ್‌ಡಿಯಂತೆ ಅರ್ಧರ್ಧ ಪಾಲು ಬರೆಯಲು ಇಲ್ಲಿ ಆಗುವುದಿಲ್ಲ; ಒಬ್ಬರಾದಮೇಲೆ ಒಬ್ಬರು ಎಂಬ ಸರದಿ ಮಾತ್ರ. ಮೊದಲ ಹೆಸರು ಊರಿನಲ್ಲೇ ಇರುವ ನಿಮ್ಮದಿದ್ದರೆ ಅನುಕೂಲ, ಎರಡನೆಯದು ಅಣ್ಣನದು. ಒಳಗಿರುವ ಒಡವೆಗಳ ಪಟ್ಟಿಯನ್ನು ಅಮ್ಮನಿಂದಲೇ ಹೇಳಿಸಿ ಬರೆದುಕೊಂಡು, ಯಾವುದು ಯಾರಿಗೆ ಎಂಬುದನ್ನು ವಿಲ್‌ನಲ್ಲಿ ಸೇರಿಸಿ. ಬ್ಯಾಂಕಿನವರು ಎಫ್‌ಡಿಯ ಅರ್ಜಿ ಪಡೆಯಲು ಮನೆಗೆ ಬರುವಾಗ ಲಾಕರಿನ ಅರ್ಜಿಯನ್ನೂ ತರಲಿ ಎಂದು ನೀವು ಕೊಡುವ ಪತ್ರದಲ್ಲೇ ಬರೆಯಿರಿ, ಇಲ್ಲದಿದ್ದರೆ ಎರಡನೇ ಸಲ ಅವರನ್ನು ಕರೆಸುವುದು ಕಷ್ಟ. ಅರ್ಜಿ ಕೊಟ್ಟಮೇಲೆ ಸ್ವೀಕೃತಿ ಪತ್ರ ಪಡೆದು, ಪಾಸ್‌ಬುಕ್ ಮತ್ತು ಎಫ್‌ಡಿ ಬಾಂಡಿನ ಮೇಲೆ ನಾಮಿನಿಗಳ ಹೆಸರು ನಮೂದಾಗಿದೆಯೇ ಎಂದು ಒಂದೊಂದನ್ನೂ ನೋಡಿಕೊಳ್ಳಿ.